ಸಕ್ಕರೆ ಗುಳಿಗೆಯೂ ಉಪವಾಸವೂ: ಒಂದು ಕಿಂಡಿಯ ಲೆಕ್ಕ

ಮಾನ್ಯ ಸಂಪಾದಕರೆ,

ಪತ್ರಿಕೆಗಳ ಆರೋಗ್ಯ ಪುಟದಲ್ಲಿ ಸಕ್ಕರೆ ಕಾಯಿಲೆಯ ಬಗ್ಗೆ ಬರಹ ಬಂದರೆ ಒಂದು ಸಾಲು ಅದರಲ್ಲಿ ತಪ್ಪದೆ ಇರುತ್ತದೆ: ‘ರಕ್ತದಲ್ಲಿ ಸಕ್ಕರೆ ಹೆಚ್ಚಾದಾಗ ಮೇದೋಜೀರಕ ಗ್ರಂಥಿ ಇನ್ಸುಲಿನ್ ಸ್ರವಿಸುತ್ತದೆ.’ ಮಾತು ಸುಳ್ಳಲ್ಲ. ಆದರೆ ಹೆಚ್ಚಾದದ್ದು ಆ ಗ್ರಂಥಿಗೆ ಗೊತ್ತಾಗುವುದು ಹೇಗೆ, ಕಡಿಮೆಯಾದಾಗ ಅದು ಕೈ ಬಿಗಿಹಿಡಿಯುವುದು ಹೇಗೆ ಎಂಬುದಕ್ಕೆ ಯಾರೂ ಕೈ ಹಾಕುವುದಿಲ್ಲ. ಓದುಗರಿಗೆ ಇಷ್ಟು ಶಾಸ್ತ್ರ ಯಾಕೆ ಎಂಬ ಭಾವನೆ ಇರಬಹುದು. ಶ್ರಾವಣ ಸೋಮವಾರದ ಉಪವಾಸವೂ ರಮ್ಜಾನಿನ ರೋಜಾವೂ ಅಕ್ಕಪಕ್ಕದ ಮನೆಗಳಲ್ಲಿ ನಡೆಯುವ ಕಲಬುರಗಿಯಂಥ ಊರಿಗೆ ಈ ಶಾಸ್ತ್ರ ಬೇಕೇ ಬೇಕು. ಬೆಳಿಗ್ಗೆ ಸಕ್ಕರೆ ಗುಳಿಗೆ ನುಂಗಿ ಊಟ ಬಿಟ್ಟ ಇಬ್ಬರಲ್ಲಿ ಒಬ್ಬರು ಸಂಜೆವರೆಗೆ ಗಟ್ಟಿಯಾಗಿರುತ್ತಾರೆ, ಇನ್ನೊಬ್ಬರು ಹನ್ನೆರಡಕ್ಕೇ ಬೆವತು ಕುಸಿಯುತ್ತಾರೆ. ಇಬ್ಬರದೂ ‘ಶುಗರ್ ಗುಳಿಗಿ’ಯೇ. ವ್ಯತ್ಯಾಸ ಇರುವುದು ಒಂದು ಕಿಂಡಿಯಲ್ಲಿ.

ಮೊದಲು ಅಳತೆ. ದೊಡ್ಡವರ ಮೈಯಲ್ಲಿ ಸುಮಾರು 5 ಲೀಟರ್ ರಕ್ತ. ಊಟಕ್ಕೆ ಮುಂಚೆ 100 ಮಿಲಿ ಲೀಟರಿಗೆ 90 ಮಿಲಿಗ್ರಾಂ ಸಕ್ಕರೆ ಅಂದರೆ ಮೈಯ ಒಟ್ಟು ರಕ್ತದಲ್ಲಿ ಇರುವುದು ನಾಲ್ಕೂವರೆ ಗ್ರಾಂ, ಚಹಾ ಕಲಸುವ ಒಂದು ಚಮಚೆಯಷ್ಟು! 50 ಗ್ರಾಂ ಹಿಟ್ಟಿನ ಒಂದು ಜೋಳದ ರೊಟ್ಟಿ ಅರಗಿದರೆ ಅದರಿಂದ ಸುಮಾರು 35 ಗ್ರಾಂ ಗ್ಲೂಕೋಸ್ ಹೊರಡುತ್ತದೆ. ಮೂರು ರೊಟ್ಟಿ ತಿಂದು ಎದ್ದವರ ರಕ್ತಕ್ಕೆ ಇಪ್ಪತ್ತು ಚಮಚೆಗಿಂತ ಹೆಚ್ಚು ಸಕ್ಕರೆ ಬಂದು ಬೀಳುತ್ತಿರುವಾಗಲೂ ಆ ಒಂದು ಚಮಚೆಯ ಮಟ್ಟ ಒಂದೂವರೆಗೆ ಮೀರದಂತೆ ನೋಡಿಕೊಳ್ಳುವ ಕೆಲಸ ಇನ್ಸುಲಿನ್‌ನದು. (ಜೋಳದ ರೊಟ್ಟಿಗೆ ಸಕ್ಕರೆ ಏರುವುದೇ ಇಲ್ಲ ಎಂದು ನಮ್ಮ ಕಡೆ ಹೇಳುವುದುಂಟು. ಏರುತ್ತದೆ. ಬಿಳಿ ಅನ್ನಕ್ಕಿಂತ ನಿಧಾನ ಇರಬಹುದು, ಆದರೆ ರೊಟ್ಟಿಯೂ ಪಿಷ್ಟವೇ. ಜೊತೆಗೆ ತೊಗರಿಬೇಳೆ, ಪುಂಡಿಪಲ್ಯ, ಶೇಂಗಾ ಹಿಂಡಿ ಇದ್ದರೆ ಇನ್ನಷ್ಟು ನಿಧಾನ, ಅಷ್ಟೆ.)

ಇನ್ಸುಲಿನ್ ತಯಾರಾಗುವುದು ಮೇದೋಜೀರಕದ ಒಳಗೆ ಚದುರಿದ ಸಣ್ಣ ಜೀವಕೋಶ ಗುಂಪುಗಳಲ್ಲಿ. 1869ರಲ್ಲಿ ಪಾಲ್ ಲ್ಯಾಂಗರ್‌ಹಾನ್ಸ್ ಎಂಬ ಜರ್ಮನ್ ವಿದ್ಯಾರ್ಥಿ ಇವನ್ನು ಮೊದಲು ಗುರುತಿಸಿದ. ‘ದ್ವೀಪ’ ಎಂದು ಕರೆಯುವ ಇಂಥ ಗುಂಪುಗಳು ಸುಮಾರು ಹತ್ತು ಲಕ್ಷ ಇವೆ. ಅಷ್ಟಿದ್ದರೂ ಎಲ್ಲ ಸೇರಿಸಿ ತೂಗಿದರೆ ಗ್ರಂಥಿಯ ನೂರರಲ್ಲಿ ಒಂದೆರಡು ಪಾಲು. ಉಳಿದದ್ದೆಲ್ಲ ಅನ್ನ ಅರಗಿಸುವ ರಸ ಮಾಡುವ ಭಾಗ. ದ್ವೀಪದೊಳಗೆ ಇನ್ಸುಲಿನ್ ಮಾಡುವುದು ಬೀಟಾ ಜೀವಕೋಶ, ಸಕ್ಕರೆ ಏರಿಸುವ ಗ್ಲೂಕಗಾನ್ ಮಾಡುವುದು ಆಲ್ಫಾ ಜೀವಕೋಶ, ಇವೆರಡಕ್ಕೂ ಕಡಿವಾಣ ಹಾಕುವ ಸೊಮ್ಯಾಟೊಸ್ಟ್ಯಾಟಿನ್ ಮಾಡುವುದು ಡೆಲ್ಟಾ ಜೀವಕೋಶ.

ಬೀಟಾ ಜೀವಕೋಶಕ್ಕೆ ನಾಲಿಗೆ ಇಲ್ಲ. ಅದು ಸಕ್ಕರೆಯನ್ನು ರುಚಿ ನೋಡಿ ಅಳೆಯುವುದಿಲ್ಲ, ಉರಿಸಿ ಅಳೆಯುತ್ತದೆ. ಇಡೀ ವ್ಯವಸ್ಥೆಯ ಜಾಣತನ ಇರುವುದು ಇಲ್ಲಿ. ರಕ್ತದ ಗ್ಲೂಕೋಸ್ ತಡೆಯಿಲ್ಲದೆ ಜೀವಕೋಶದೊಳಗೆ ಬರುತ್ತದೆ; ಹೊರಗೆ ಎಷ್ಟೋ ಒಳಗೂ ಹೆಚ್ಚುಕಡಿಮೆ ಅಷ್ಟೇ. ಒಳಗೆ ಅದನ್ನು ಮೊದಲು ಹಿಡಿಯುವುದು ಗ್ಲೂಕೋಕೈನೇಸ್ ಎಂಬ ಕಿಣ್ವ. ಸ್ನಾಯುಗಳಲ್ಲಿರುವ ಇದರ ಸೋದರ ಕಿಣ್ವಗಳು ತುಸು ಗ್ಲೂಕೋಸ್ ಸಿಕ್ಕರೂ ಪೂರ್ತಿ ವೇಗದಲ್ಲಿ ಓಡುತ್ತವೆ, ಕೆಲಸದ ಫಲ ಗುಡ್ಡೆ ಬಿದ್ದರೆ ನಿಲ್ಲುತ್ತವೆ. ಗ್ಲೂಕೋಕೈನೇಸ್ ಎರಡನ್ನೂ ಮಾಡುವುದಿಲ್ಲ. ಅದು ಅರ್ಧ ವೇಗ ಮುಟ್ಟುವುದೇ ಸಕ್ಕರೆ 140ರ ಆಸುಪಾಸಿಗೆ ಬಂದಾಗ. ಹಾಗಾಗಿ 80ರಿಂದ 180ರವರೆಗೆ ಸಕ್ಕರೆ ಎಷ್ಟು ಏರಿದರೆ ಅದರ ಕೆಲಸವೂ ಅಷ್ಟಷ್ಟೇ ಏರುತ್ತದೆ. ನಮಗೆ ಅಳತೆ ಬೇಕಾದ ವ್ಯಾಪ್ತಿಯೂ ಅದೇ. ಹುಟ್ಟಿನಿಂದ ಈ ಕಿಣ್ವದ ವಂಶವಾಹಿಯ ಎರಡು ಪ್ರತಿಗಳಲ್ಲಿ ಒಂದು ಕೆಟ್ಟಿದ್ದವರಲ್ಲಿ ಅಳತೆಯ ಮುಳ್ಳು ತುಸು ಮೇಲಕ್ಕೆ ಸರಿದಿರುತ್ತದೆ. ಹೊಟ್ಟೆ ಖಾಲಿ ಇದ್ದಾಗ ಸಕ್ಕರೆ 110–140ರ ನಡುವೆ ವರ್ಷಾನುಗಟ್ಟಲೆ ನಿಂತಿರುತ್ತದೆ, ಹೆಚ್ಚಿನವರಿಗೆ ಗುಳಿಗೆಯೇ ಬೇಕಾಗುವುದಿಲ್ಲ. ಅಪ್ಪ, ಮಗಳು, ಮೊಮ್ಮಗ ಎಲ್ಲರಿಗೂ ಹೀಗೇ ಇದ್ದು, ಯಾರೂ ದಪ್ಪಗಿಲ್ಲದಿದ್ದರೆ ವೈದ್ಯರು ಈ ಸಾಧ್ಯತೆಯನ್ನು ನೆನೆಯುವುದು ಒಳ್ಳೆಯದು.

ಹೀಗೆ ಹಿಡಿದ ಗ್ಲೂಕೋಸ್ ಉರಿದು ಎಟಿಪಿ ಎಂಬ ಇಂಧನ ಆಗುತ್ತದೆ. ಸಕ್ಕರೆ ಹೆಚ್ಚಿದ್ದರೆ ಎಟಿಪಿ ಹೆಚ್ಚು. ಈಗ ಬರುತ್ತದೆ ಆ ಕಿಂಡಿ.

ಬೀಟಾ ಜೀವಕೋಶದ ಪೊರೆಯಲ್ಲಿ ಪೊಟ್ಯಾಸಿಯಂ ಹೊರಗೆ ಹರಿದುಹೋಗುವ ಕಿಂಡಿಗಳಿವೆ. ಒಂದೊಂದು ಕಿಂಡಿಗೂ ಎಂಟು ತುಂಡು: ಒಳಗೆ ಕೊಳವೆ ಕಟ್ಟುವ ನಾಲ್ಕು, ಹೊರಗೆ ಕಾವಲುಗಾರರಂತೆ ಸುತ್ತುವರಿದ ನಾಲ್ಕು. ಹೊಟ್ಟೆ ಖಾಲಿ ಇರುವಾಗ ಕಿಂಡಿ ತೆರೆದಿರುತ್ತದೆ, ಪೊಟ್ಯಾಸಿಯಂ ಸೋರುತ್ತಿರುತ್ತದೆ, ಅದರಿಂದ ಪೊರೆಯ ಒಳಬದಿ ಹೊರಬದಿಗಿಂತ ಸುಮಾರು 70 ಮಿಲಿವೋಲ್ಟ್ ಕೆಳಗಿರುತ್ತದೆ. ಜೀವಕೋಶ ಆಗ ತೆಪ್ಪಗೆ ಇರುತ್ತದೆ. ಎಟಿಪಿ ಏರಿದಂತೆ ಅದು ಕಿಂಡಿಯ ಒಳಬದಿಗೆ ಬಂದು ಕೂತು ಕಿಂಡಿ ಮುಚ್ಚುತ್ತದೆ. ಸೋರಿಕೆ ನಿಂತರೆ ಪೊರೆಯ ವೋಲ್ಟೇಜು ಮೇಲೇಳುತ್ತದೆ. ಒಂದು ಮಟ್ಟ ದಾಟಿತೆಂದರೆ ಬೇರೆಯದೇ ಜಾತಿಯ ಕಿಂಡಿಗಳು, ಕ್ಯಾಲ್ಸಿಯಂನವು, ತಟಕ್ಕನೆ ತೆರೆಯುತ್ತವೆ. ಹೊರಗೆ ಸಾವಿರಾರು ಪಟ್ಟು ದಟ್ಟವಾಗಿದ್ದ ಕ್ಯಾಲ್ಸಿಯಂ ಒಳಗೆ ನುಗ್ಗುತ್ತದೆ. ಇನ್ಸುಲಿನ್ ತುಂಬಿದ ಸೂಕ್ಷ್ಮ ಚೀಲಗಳು ಪೊರೆಗೆ ಬೆಸೆದುಕೊಂಡು ಬಾಯಿ ಬಿಡುವುದು ಈ ಕ್ಯಾಲ್ಸಿಯಂ ಮುಟ್ಟಿದಾಗ. ಸಕ್ಕರೆ ಇಳಿದರೆ ಎಟಿಪಿ ಇಳಿಯುತ್ತದೆ, ಕಿಂಡಿ ಮತ್ತೆ ತೆರೆಯುತ್ತದೆ, ಎಲ್ಲ ತಣ್ಣಗಾಗುತ್ತದೆ. ಎಟಿಪಿಗೆ ಮುಚ್ಚುವ ಈ ಕಿಂಡಿ ಬೀಟಾ ಜೀವಕೋಶದಲ್ಲಿದೆ ಎಂದು ಗೊತ್ತಾದದ್ದು 1984ರಲ್ಲಿ. ಇನ್ಸುಲಿನ್ ಕಂಡುಹಿಡಿದು ಅರವತ್ತು ವರ್ಷ ದಾಟಿದ ಮೇಲೆ.

ಒಂದು ಬೀಟಾ ಜೀವಕೋಶದಲ್ಲಿ ಸುಮಾರು ಹತ್ತು ಸಾವಿರ ಚೀಲ ಇರುತ್ತವೆ. ಪ್ರತಿ ಚೀಲದಲ್ಲಿ ಇನ್ಸುಲಿನ್ ಆರಾರು ಅಣುಗಳಾಗಿ ಸತುವಿನ ಸುತ್ತ ಗಂಟು ಕಟ್ಟಿ ಹರಳಾಗಿ ಕೂತಿರುತ್ತದೆ. ಆದರೆ ಬಾಗಿಲಿಗೇ ಬಂದು ನಿಂತ ಚೀಲಗಳು ಕೆಲವೇ. ಗ್ಲೂಕೋಸನ್ನು ನೇರವಾಗಿ ರಕ್ತನಾಳಕ್ಕೆ ಕೊಟ್ಟು ಅಳೆದರೆ ಮೊದಲ ಐದು ನಿಮಿಷದೊಳಗೆ ಇನ್ಸುಲಿನ್ ಚೂಪಾಗಿ ಏರಿ ಹತ್ತು ನಿಮಿಷಕ್ಕೆ ಇಳಿಯುತ್ತದೆ. ಅದು ಬಾಗಿಲಲ್ಲಿದ್ದ ಸರಕು. ಆಮೇಲೆ ಒಳಗಿನ ದಾಸ್ತಾನು ಒಂದೊಂದಾಗಿ ಮುಂದೆ ಸರಿದು ಬರುವ ಎರಡನೆಯ ಹಂತ, ಸಕ್ಕರೆ ಇರುವಷ್ಟು ಹೊತ್ತು. ಟೈಪ್ 2 ಸಕ್ಕರೆ ಕಾಯಿಲೆಯಲ್ಲಿ ಮೊದಲು ಕಳೆದುಹೋಗುವುದು ಆ ಚೂಪು. ಯಕೃತ್ತು ತಾನು ಹೊರಬಿಡುತ್ತಿರುವ ಸಕ್ಕರೆಯನ್ನು ತಕ್ಷಣ ನಿಲ್ಲಿಸುವುದು ಆ ಮೊದಲ ಅಲೆ ಬಂದಾಗ. ಅಲೆ ಬಾರದಿದ್ದರೆ ಹೊಟ್ಟೆಯಿಂದಲೂ ಯಕೃತ್ತಿನಿಂದಲೂ ಒಟ್ಟಿಗೇ ಸಕ್ಕರೆ ಬಂದು ಸೇರುತ್ತದೆ. ಊಟಕ್ಕೆ ಮುಂಚಿನ ಪರೀಕ್ಷೆ ನೆಟ್ಟಗಿದ್ದು ಊಟದ ನಂತರದ್ದು ಮಾತ್ರ 200 ದಾಟುವುದು ಬಹಳ ಜನರಲ್ಲಿ ಇದೇ ಕಾರಣಕ್ಕೆ. ಬೆಳಗಿನ ಒಂದೇ ಪರೀಕ್ಷೆ ನೋಡಿ ‘ನಂದು ನಾರ್ಮಲ್’ ಎಂದು ಮನೆಗೆ ಹೋಗುವವರು ಇದನ್ನು ಗಮನಿಸಬೇಕು.

ಬಾಯಿಂದ ತಿಂದದ್ದಕ್ಕೂ ಸಲೈನಿನಲ್ಲಿ ಬಂದದ್ದಕ್ಕೂ ಬೀಟಾ ಜೀವಕೋಶ ಬೇರೆ ಬೇರೆ ಉತ್ತರ ಕೊಡುತ್ತದೆ. ಅಷ್ಟೇ ಗ್ಲೂಕೋಸ್, ಬಾಯಿಂದ ಹೋದರೆ ಇನ್ಸುಲಿನ್ ಬಹಳ ಹೆಚ್ಚು. ಅನ್ನ ಕರುಳಿಗೆ ಬಂತೆಂದರೆ ಕರುಳಿನ ಗೋಡೆಯಿಂದ ಜಿಐಪಿ, ಜಿಎಲ್‌ಪಿ-1 ಎಂಬ ಹಾರ್ಮೋನುಗಳು ಹೊರಟು ಮೇದೋಜೀರಕಕ್ಕೆ ಸುದ್ದಿ ಮುಟ್ಟಿಸುತ್ತವೆ. ಊಟದ ಇನ್ಸುಲಿನ್‌ನಲ್ಲಿ ಅರ್ಧಕ್ಕಿಂತ ಹೆಚ್ಚು ಇವುಗಳ ಪಾಲು. ಇವು ಪೊಟ್ಯಾಸಿಯಂ ಕಿಂಡಿಯನ್ನು ತಾವಾಗಿ ಮುಚ್ಚಿ ಕೂರುವುದಿಲ್ಲ. ಸಕ್ಕರೆಯೇ ಕಿಂಡಿ ಮುಚ್ಚಿ ಕ್ಯಾಲ್ಸಿಯಂ ಒಳಗೆ ಬಂದಿದ್ದರೆ ಚೀಲಗಳನ್ನು ಇನ್ನಷ್ಟು ಚುರುಕಾಗಿ ಹೊರಗೆ ತಳ್ಳುತ್ತವೆ. ಸಕ್ಕರೆ ಕಡಿಮೆ ಇದ್ದಾಗ ಇವುಗಳ ಮಾತು ನಡೆಯುವುದಿಲ್ಲ. ಅತ್ತ ಅಡ್ರಿನಲಿನ್ ಬಿಗಿಯುವ ಕೈ: ಓಡುವಾಗ, ಹೆದರಿದಾಗ ಇನ್ಸುಲಿನ್ ಬಿಡುವುದನ್ನು ತಡೆಯುತ್ತದೆ. ಜ್ವರ, ಗಾಯ, ಆಪರೇಷನ್ ಸಮಯದಲ್ಲಿ ಸಕ್ಕರೆ ಏರುವುದಕ್ಕೆ ಇದೂ ಒಂದು ಕಾರಣ.

ಈಗ ಗುಳಿಗೆಗೆ ಬರೋಣ. 1942ರಲ್ಲಿ ಫ್ರಾನ್ಸಿನ ಮಾಂಪೆಲಿಯೆಯಲ್ಲಿ ಟೈಫಾಯ್ಡ್ ರೋಗಿಗಳಿಗೆ ಒಂದು ಹೊಸ ಸಲ್ಫಾ ಔಷಧ ಕೊಟ್ಟಾಗ ಅವರ ಸಕ್ಕರೆ ವಿಪರೀತ ಕುಸಿಯಿತು. ಆ ಎಡವಟ್ಟಿನಿಂದ ಹುಟ್ಟಿದ ಗುಂಪೇ ಸಲ್ಫೊನಿಲ್‌ಯೂರಿಯಾ: ಗ್ಲಿಬೆನ್‌ಕ್ಲಮೈಡ್, ಗ್ಲಿಮೆಪಿರೈಡ್, ಗ್ಲಿಕ್ಲಜೈಡ್, ಗ್ಲಿಪಿಜೈಡ್. ಈ ಔಷಧ ಹೋಗಿ ಕೂರುವುದು ಅದೇ ಪೊಟ್ಯಾಸಿಯಂ ಕಿಂಡಿಯ ಹೊರಗಿನ ಕಾವಲುಗಾರ ತುಂಡಿನ ಮೇಲೆ (ಆ ತುಂಡಿಗೆ ವಿಜ್ಞಾನಿಗಳು ಇಟ್ಟ ಹೆಸರೇ ಸಲ್ಫೊನಿಲ್‌ಯೂರಿಯಾ ಗ್ರಾಹಕ). ಕೂತು ಕಿಂಡಿ ಮುಚ್ಚುತ್ತದೆ. ಎಟಿಪಿ ಎಷ್ಟಿದೆ, ಸಕ್ಕರೆ ಎಷ್ಟಿದೆ, ಊಟ ಆಗಿದೆಯೋ ಇಲ್ಲವೋ ಎಂದು ಕೇಳುವುದಿಲ್ಲ. ಅಂದರೆ ಗ್ಲೂಕೋಕೈನೇಸ್ ಎಂಬ ಅಳತೆಗಾರನನ್ನು ಪಕ್ಕಕ್ಕಿಟ್ಟು ನೇರ ಬಾಗಿಲಿಗೇ ಕೈ ಹಾಕುವ ಔಷಧ. ಊಟ ಮಾಡಿದವರಿಗೆ ಇದು ಅಗ್ಗದ, ಚೆನ್ನಾಗಿ ಕೆಲಸ ಮಾಡುವ ಮದ್ದು. ಅದಕ್ಕೇ ಇಷ್ಟು ವರ್ಷ ಉಳಿದಿದೆ, ಇದನ್ನು ಬೈಯುವ ಉದ್ದೇಶ ಈ ಪತ್ರಕ್ಕಿಲ್ಲ. ಆದರೆ ಊಟ ಬಿಟ್ಟ ದಿನವೂ ಕಿಂಡಿ ಮುಚ್ಚೇ ಇರುತ್ತದೆ, ಇನ್ಸುಲಿನ್ ಬರುತ್ತಲೇ ಇರುತ್ತದೆ, ರಕ್ತದಲ್ಲಿರುವ ಆ ಒಂದು ಚಮಚೆ ಸಕ್ಕರೆಯಲ್ಲೇ ಕಡಿತ ಶುರುವಾಗುತ್ತದೆ.

ಬರೀ ಮೆಟ್‌ಫಾರ್ಮಿನ್ ನುಂಗುವವರಲ್ಲಿ ಹೀಗಾಗುವುದು ಅಪರೂಪ, ಅದು ಮುಖ್ಯವಾಗಿ ಯಕೃತ್ತು ಸಕ್ಕರೆ ಬಿಡುವುದನ್ನು ತಗ್ಗಿಸುತ್ತದೆ, ಬೀಟಾ ಜೀವಕೋಶದ ಬಾಗಿಲಿಗೆ ಹೋಗುವುದಿಲ್ಲ. ಸಿಟಾಗ್ಲಿಪ್ಟಿನ್, ವಿಲ್ಡಾಗ್ಲಿಪ್ಟಿನ್, ಟೆನೆಲಿಗ್ಲಿಪ್ಟಿನ್ ಗುಳಿಗೆಗಳು ಕರುಳಿನ ಜಿಎಲ್‌ಪಿ-1 ಎರಡು ನಿಮಿಷದಲ್ಲಿ ಒಡೆದುಹೋಗದಂತೆ ತಡೆಯುತ್ತವೆ. ಮೇಲೆ ಹೇಳಿದಂತೆ ಅದು ಸಕ್ಕರೆ ಇದ್ದರೆ ಮಾತ್ರ ಕೆಲಸ ಮಾಡುವ ಹಾರ್ಮೋನು, ಹಾಗಾಗಿ ಇವೂ ಒಂಟಿಯಾಗಿ ಸಕ್ಕರೆಯನ್ನು ಅಪಾಯಕ್ಕೆ ಇಳಿಸುವುದು ಕಡಿಮೆ. ತೊಡಕು ಇರುವುದು ಎರಡು–ಮೂರು ಔಷಧ ಸೇರಿಸಿದ ಗುಳಿಗೆಗಳಲ್ಲಿ. ಒಂದೇ ಗುಳಿಗೆಯಲ್ಲಿ ಗ್ಲಿಮೆಪಿರೈಡ್ 1 ಅಥವಾ 2 ಮಿಲಿಗ್ರಾಂ, ಮೆಟ್‌ಫಾರ್ಮಿನ್ 500 ಮಿಲಿಗ್ರಾಂ, ಕೆಲವದರಲ್ಲಿ ವೋಗ್ಲಿಬೋಸ್ ಕೂಡ. ಪಟ್ಟಿಯ ಮೇಲೆ ದೊಡ್ಡದಾಗಿ ಕಾಣುವುದು ಕಂಪನಿ ಇಟ್ಟ ಹೆಸರು. ಒಳಗಿನ ಔಷಧಗಳ ಹೆಸರು ಹಿಂಬದಿಯಲ್ಲಿ ಇರುವೆ ಗಾತ್ರದ ಇಂಗ್ಲಿಷ್ ಅಕ್ಷರದಲ್ಲಿ. ಗುಳಿಗೆ ಕಿತ್ತು ಕಿತ್ತು ಆ ಹಾಳೆ ಹರಿದ ಮೇಲೆ ಅದೂ ಇಲ್ಲ. ‘ನಾನು ಮೆಟ್‌ಫಾರ್ಮಿನ್ ಅಷ್ಟೇ ತಗೋತೀನಿ’ ಅನ್ನುವವರ ಗುಳಿಗೆಯಲ್ಲಿ ಗ್ಲಿಮೆಪಿರೈಡ್ ಕೂತಿರುವುದು ಹೀಗೆ ತಿಳಿಯದೇ ಹೋಗುತ್ತದೆ.

ಸಕ್ಕರೆ 70ಕ್ಕಿಂತ ಕೆಳಗಿಳಿದರೆ ಕೈ ನಡುಕ, ಬೆವರು, ಎದೆ ಬಡಿತ, ತಾಳಲಾರದ ಹಸಿವು. 54ಕ್ಕಿಂತ ಕೆಳಗೆ ಮಾತು ತೊದಲುವುದು, ಕಣ್ಣು ಮಂಜು, ಸಿಟ್ಟು, ಗಲಿಬಿಲಿ, ಆಮೇಲೆ ಎಚ್ಚರ ತಪ್ಪುವುದು. ಕಲಬುರಗಿಯ ಮೇ ತಿಂಗಳಲ್ಲಿ, ಬಿಸಿಲು 42 ಡಿಗ್ರಿ ದಾಟಿದಾಗ ಬೆವತು ಕೂತವರನ್ನು ನೋಡಿ ಎಲ್ಲರೂ ಅನ್ನುವುದು ‘ಬಿಸಲ ಹತ್ತೇದ’ ಎಂದೇ. ನೆರಳಿಗೆ ಕೂರಿಸಿ ನೀರು, ಉಪ್ಪು ಹಾಕಿದ ಮಜ್ಜಿಗೆ ಕೊಡುತ್ತಾರೆ. ಬಿಸಿಲಿಗೆ ಅದು ಸರಿಯಾದ ಉಪಚಾರ, ಆದರೆ ಅದರಲ್ಲಿ ಬೇಕಾದಷ್ಟು ಸಕ್ಕರೆ ಇಲ್ಲ. ತೊಗರಿ ರಾಶಿಯ ದಿನಗಳಲ್ಲಿ ಇನ್ನೊಂದು ಬಗೆ: ಬೆಳಿಗ್ಗೆ ಗುಳಿಗೆ, ಒಂದು ಕಪ್ ಚಹಾ, ಹೊಲ, ಬುತ್ತಿ ಬಿಚ್ಚುವುದು ಎರಡು ಗಂಟೆಗೆ. ದುಡಿಯುವ ಸ್ನಾಯು ಇನ್ಸುಲಿನ್ ಇಲ್ಲದೆಯೂ ರಕ್ತದ ಸಕ್ಕರೆ ಎಳೆದುಕೊಳ್ಳುತ್ತದೆ. ಗುಳಿಗೆ ಒಂದು ಕಡೆಯಿಂದ, ದುಡಿಮೆ ಇನ್ನೊಂದು ಕಡೆಯಿಂದ. ಬಿ.ಪಿ., ಎದೆಬಡಿತಕ್ಕೆಂದು ಪ್ರೊಪ್ರನೊಲಾಲ್‌ನಂಥ ಗುಳಿಗೆ ತೆಗೆದುಕೊಳ್ಳುವವರಲ್ಲಿ ನಡುಕ, ಬಡಿತ ಅಷ್ಟಾಗಿ ಗೊತ್ತಾಗುವುದಿಲ್ಲ, ಬೆವರೇ ಮುಖ್ಯ ಗುರುತು.

ಗ್ಲೂಕೋಮೀಟರ್ ಇದ್ದರೆ ನೋಡಿ, ಇಲ್ಲದಿದ್ದರೆ ಕಾಯದೆ ಸಕ್ಕರೆ ಕೊಡಿ: 15 ಗ್ರಾಂ, ಅಂದರೆ ಚಹಾ ಚಮಚೆಯಲ್ಲಿ ಮಟ್ಟಸವಾಗಿ ಮೂರು, ಅರ್ಧ ಲೋಟ ನೀರಲ್ಲಿ ಕರಗಿಸಿ. 15 ನಿಮಿಷ ಬಿಟ್ಟು ಮತ್ತೆ ನೋಡಿ, 70 ದಾಟದಿದ್ದರೆ ಇನ್ನೊಮ್ಮೆ. ದಾಟಿದ ಮೇಲೆ ರೊಟ್ಟಿಯೋ ಅನ್ನವೋ ಊಟ. ಪೇಢೆ, ಹೋಳಿಗೆ ಬೇಡ, ಅವುಗಳ ಜಿಡ್ಡು ಸಕ್ಕರೆ ರಕ್ತಕ್ಕೆ ಸೇರುವುದನ್ನು ತಡ ಮಾಡುತ್ತದೆ. ಗುಳಿಗೆಯಲ್ಲಿ ವೋಗ್ಲಿಬೋಸ್ ಅಥವಾ ಅಕಾರ್ಬೋಸ್ ಇದ್ದರೆ ಮನೆಯ ಸಕ್ಕರೆಯೂ ನಂಬಲರ್ಹವಲ್ಲ. ಸಕ್ಕರೆಯನ್ನು ಕರುಳಿನಲ್ಲಿ ಒಡೆಯುವ ಕಿಣ್ವವನ್ನೇ ಆ ಔಷಧ ಕಟ್ಟಿಹಾಕಿರುತ್ತದೆ. ಅಂಥವರ ಜೇಬಿನಲ್ಲಿ ಗ್ಲೂಕೋಸ್ ಪುಡಿಯ ಪೊಟ್ಟಣವೇ ಇರಬೇಕು. ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಹಾಕಬಾರದು, ಉಸಿರ ಕೊಳವೆಗೆ ಹೋಗುತ್ತದೆ. ಒಂದು ಮಗ್ಗುಲಿಗೆ ಮಲಗಿಸಿ ನೇರ ಆಸ್ಪತ್ರೆಗೆ.

ಇಲ್ಲಿ ಒಂದು ಮಾತಿನ ಮೇಲೆ ಒತ್ತು ಹಾಕಬೇಕಾಗಿದೆ. ಈ ಗುಂಪಿನ ಗುಳಿಗೆಯಿಂದ ಕುಸಿದವರು ಸಕ್ಕರೆ ಕುಡಿದು ಎದ್ದು ಕೂತರೆ ಕೆಲಸ ಮುಗಿದಿಲ್ಲ. ಗ್ಲಿಮೆಪಿರೈಡ್‌ನ ಪ್ರಭಾವ ಇಡೀ ದಿನ ಇರುತ್ತದೆ. ಗ್ಲಿಬೆನ್‌ಕ್ಲಮೈಡ್ ಇನ್ನೂ ಹಟಮಾರಿ, ಅದು ಒಡೆದು ಆದ ಚೂರುಗಳಿಗೂ ಸಕ್ಕರೆ ಇಳಿಸುವ ಗುಣ ಇದೆ, ಅವುಗಳಲ್ಲಿ ಸುಮಾರು ಅರ್ಧ ಪಾಲು ಹೊರಹೋಗಬೇಕಾದದ್ದು ಮೂತ್ರಪಿಂಡದಿಂದ. ಮೂತ್ರಪಿಂಡ ಸೋತವರಲ್ಲಿ ಒಂದು ದಿನ ದಾಟಿಯೂ ಸಕ್ಕರೆ ಮತ್ತೆ ಮತ್ತೆ ಇಳಿಯುತ್ತದೆ. 60 ದಾಟಿದವರಿಗೆ ಗ್ಲಿಬೆನ್‌ಕ್ಲಮೈಡ್ ತಕ್ಕುದಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆಯೇ ತನ್ನ ಅಗತ್ಯ ಔಷಧಗಳ ಪಟ್ಟಿಯಲ್ಲಿ ಹೇಳಿದೆ. ಆಸ್ಪತ್ರೆಯಲ್ಲಿ ಡೆಕ್ಸ್‌ಟ್ರೋಸ್ ಎಂಬ ಗ್ಲೂಕೋಸ್ ದ್ರಾವಣ ಏರಿಸಿದಾಗಲೂ ಒಂದು ಸಂಕಟ ಇದೆ: ಕಿಂಡಿ ಮುಚ್ಚಿರುವ ಬೀಟಾ ಜೀವಕೋಶಕ್ಕೆ ಆ ಗ್ಲೂಕೋಸೇ ಮತ್ತಷ್ಟು ಇನ್ಸುಲಿನ್ ಬಿಡಲು ಕರೆ. ಮೇಲೆ ಬಂದ ಸಕ್ಕರೆ ಒಂದೆರಡು ತಾಸಿಗೆ ಮತ್ತೆ ಕೆಳಗೆ. ಅಂಥ ಹೊತ್ತಿಗೆ ವೈದ್ಯರು ಕೊಡುವ ಆಕ್ಟ್ರಿಯೊಟೈಡ್ ಇಂಜೆಕ್ಷನ್ ಮೊದಲು ಹೇಳಿದ ಡೆಲ್ಟಾ ಜೀವಕೋಶದ ಸೊಮ್ಯಾಟೊಸ್ಟ್ಯಾಟಿನ್‌ನದೇ ನಕಲು. ಆದ್ದರಿಂದ ‘ಈಗ ಆರಾಮ ಅದಾರ, ಮನೀಗ್ ಕರ್ಕೊಂಡ್ ಹೋಗ್ತೀವಿ’ ಎಂದು ವೈದ್ಯರ ಮೇಲೆ ಒತ್ತಾಯ ಹಾಕಬೇಡಿ. ಒಂದು ದಿನ ಇರಿ ಎಂದರೆ ಇರಿ.

ಈ ಕಿಂಡಿಯ ಇನ್ನೊಂದು ಮುಖವನ್ನೂ ಹೇಳದೆ ಬಿಡಲಾಗದು. ಹುಟ್ಟಿದ ಆರು ತಿಂಗಳೊಳಗೆ ಸಕ್ಕರೆ ಕಾಯಿಲೆ ಬಂದ ಕೂಸುಗಳಲ್ಲಿ ಹಲವಕ್ಕೆ ಆಗಿರುವುದು ಕಿಂಡಿ ಮುಚ್ಚಲಾಗದ ವಂಶವಾಹಿ ದೋಷ ಎಂದು 2004ರಲ್ಲಿ ತಿಳಿಯಿತು. ಅವಕ್ಕೆ ಬೀಟಾ ಜೀವಕೋಶ ಇದೆ, ಇನ್ಸುಲಿನ್ ಇದೆ, ಬಾಗಿಲ ಅಪ್ಪಣೆ ಸಿಗುತ್ತಿಲ್ಲ. ಇಂಥ ಬಹುಪಾಲು ಮಕ್ಕಳಿಗೆ ಇನ್ಸುಲಿನ್ ಸೂಜಿ ಬಿಟ್ಟು ಗ್ಲಿಬೆನ್‌ಕ್ಲಮೈಡ್ ಕೊಟ್ಟರೆ ಸಾಕಾಗುತ್ತದೆ. ಮುದುಕರಿಗೆ ಬೇಡ ಎಂದ ಗುಳಿಗೆಯೇ ಕೂಸಿಗೆ ವರ. ಆರು ತಿಂಗಳೊಳಗಿನ ಯಾವ ಮಗುವಿಗೆ ಸಕ್ಕರೆ ಕಾಯಿಲೆ ಕಂಡರೂ ವಂಶವಾಹಿ ಪರೀಕ್ಷೆ ಕೇಳಬೇಕು.

ವರ್ಷ ಕಳೆದಂತೆ ಗುಳಿಗೆ ‘ಹತ್ತುವುದಿಲ್ಲ’ ಎಂಬ ದೂರೂ ಇದೆ. ಟೈಪ್ 2 ಪತ್ತೆಯಾಗುವ ಹೊತ್ತಿಗೇ ಬೀಟಾ ಜೀವಕೋಶಗಳ ಶಕ್ತಿ ಸುಮಾರು ಅರ್ಧ ಕುಂದಿರುತ್ತದೆ. ಬಾಗಿಲು ಎಷ್ಟು ತಟ್ಟಿದರೂ ಒಳಗೆ ದಾಸ್ತಾನು ಇಲ್ಲದಿದ್ದರೆ ಬರುವುದೇನು? ಇದನ್ನು ನೋಡುವ ಪರೀಕ್ಷೆ ಸಿ-ಪೆಪ್ಟೈಡ್. ಇನ್ಸುಲಿನ್ ತಯಾರಾಗುವಾಗ ಕತ್ತರಿಸಿ ಉಳಿಯುವ ಈ ತುಂಡು ಇನ್ಸುಲಿನ್ ಜೊತೆಗೇ ಸಮ ಲೆಕ್ಕದಲ್ಲಿ ರಕ್ತಕ್ಕೆ ಬರುತ್ತದೆ, ಚುಚ್ಚಿಕೊಂಡ ಇನ್ಸುಲಿನ್‌ನಲ್ಲಿ ಇರುವುದಿಲ್ಲ. ಅದು ತೀರಾ ಕಡಿಮೆ ಬಂದಾಗ ವೈದ್ಯರು ಇನ್ಸುಲಿನ್ ಬರೆದರೆ ಅದು ಶಿಕ್ಷೆಯಲ್ಲ, ಇಲ್ಲದ್ದನ್ನು ಹೊರಗಿನಿಂದ ತುಂಬುವುದು.

ತಮ್ಮಲ್ಲಿ ಕೋರಿಕೆ ಇಷ್ಟು. ಆರೋಗ್ಯ ಪುಟದಲ್ಲಿ ‘ಸಕ್ಕರೆ ಗುಳಿಗೆ’ ಎಂದು ಒಟ್ಟಾಗಿ ಬರೆಯದೆ ಔಷಧದ ಹೆಸರನ್ನು ಕನ್ನಡದಲ್ಲಿ ಬಿಡಿಸಿ ಬರೆಯಿರಿ. ಶ್ರಾವಣಕ್ಕೂ ರಮ್ಜಾನಿಗೂ ಎರಡು ವಾರ ಮುಂಚೆ ಒಂದು ಚೌಕ ಹಾಕಿ: ಗುಳಿಗೆಯಲ್ಲಿ ಗ್ಲಿಬೆನ್‌ಕ್ಲಮೈಡ್, ಗ್ಲಿಮೆಪಿರೈಡ್, ಗ್ಲಿಕ್ಲಜೈಡ್, ಗ್ಲಿಪಿಜೈಡ್ ಈ ನಾಲ್ಕು ಹೆಸರಿನ ಯಾವುದಾದರೂ ಇದೆಯೇ ನೋಡಿಸಿಕೊಳ್ಳಿ, ಇದ್ದರೆ ಉಪವಾಸಕ್ಕೆ ಮುಂಚೆಯೇ ವೈದ್ಯರ ಬಳಿ ಪ್ರಮಾಣವನ್ನೂ ಹೊತ್ತನ್ನೂ ಬದಲಿಸಿಕೊಳ್ಳಿ (ರೋಜಾದಲ್ಲಿ ಸಾಮಾನ್ಯವಾಗಿ ಮುಖ್ಯ ಡೋಸನ್ನು ಇಫ್ತಾರ್ ಊಟಕ್ಕೆ ಸರಿಸುತ್ತಾರೆ), ಸಕ್ಕರೆ 70ಕ್ಕಿಂತ ಇಳಿದರೆ ಅಥವಾ 300 ದಾಟಿದರೆ ಆ ದಿನದ ಉಪವಾಸ ಮುರಿಯಿರಿ. ಬೆರಳು ಚುಚ್ಚಿ ನೋಡಿದರೆ ರೋಜಾ ಮುರಿಯುವುದಿಲ್ಲ ಎಂಬುದನ್ನೂ ಸೇರಿಸಿ. ಆ ಹೆದರಿಕೆಗೇ ಪರೀಕ್ಷೆ ಬಿಡುವವರಿದ್ದಾರೆ. ಇನ್ಸುಲಿನ್ ಸೂಜಿ ತೆಗೆದುಕೊಳ್ಳುವವರಿಗೆ ಈ ಲೆಕ್ಕ ಬೇರೆ, ಅವರು ತಾವಾಗಿ ಯಾವುದನ್ನೂ ನಿಲ್ಲಿಸಬಾರದು. ಔಷಧಿ ಅಂಗಡಿಯವರಿಗೆ ಒಂದು ಮಾತು: ಈ ಗುಂಪಿನ ಗುಳಿಗೆ ಹಾಕಿ ಕೊಡುವ ಕಾಗದದ ಪೊಟ್ಟಣದ ಮೇಲೆ ‘ದಿನಕ್ಕೆ 1’ ಎಂದು ಬರೆಯುವ ಪೆನ್ನಿನಲ್ಲೇ ‘ಊಟ ಇದ್ದರೆ ಮಾತ್ರ’ ಎಂದೂ ಬರೆದುಕೊಡಿ.

– ಶರೀರಕ್ರಿಯಾಶಾಸ್ತ್ರ ಬೋಧಿಸುವ ಇಬ್ಬರು ವೈದ್ಯರು, ಕಲಬುರಗಿ